ಕೊಟ್ಟವನು ಕೋಡಂಗಿಯಾಗದಿರಲಿ

"ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಅಂತ ನಮ್ಮ ಕಡೆ ಒಂದು ಗಾದೆ ಇದೆ. ಸಾಲ ಕೊಟ್ಟು ಕೈಸುಟ್ಟುಕೊಂಡವರಿಗಾಗಿ ಹುಟ್ಟಿದ ಮಾತು. ಆದರೆ ತೆರಿಗೆ ಕಟ್ಟುವವರಿಗೂ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ. ಮನೆ ಕಂದಾಯ ಕಟ್ಟುತ್ತೇವೆ, ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರೆ, ಬೆಂಕಿಪೊಟ್ಟಣ ಕೊಂಡರೂ ಒಂದಿಷ್ಟು ಸರ್ಕಾರಕ್ಕೆ ಹೋಗುತ್ತದೆ. ಆಮೇಲೆ ಆ ದುಡ್ಡು ಏನಾಯಿತು ಅಂತ ಕೇಳುವವರು ಯಾರು? ಈ ಪ್ರಶ್ನೆಯ ಚರಿತ್ರೆ ಹುಡುಕುತ್ತಾ ಹೊರಟರೆ ದಾರಿ ನೇರವಾಗಿ ಕಲ್ಕತ್ತಾಕ್ಕೇ ಬರುತ್ತದೆ. 2001ರಿಂದ ಊರಿನ ಹೆಸರು ಕೋಲ್ಕತ್ತಾ. ಆದರೆ ನಮ್ಮಂಥ ಹಳಬರ ಬಾಯಲ್ಲಿ ಇನ್ನೂ ಕಲ್ಕತ್ತಾನೇ, ಬೇಸರಿಸಬೇಡಿ.

1857ರ ದಂಗೆ ಅಡಗಿಸುವಷ್ಟರಲ್ಲಿ ಬ್ರಿಟಿಷ್ ಸರ್ಕಾರದ ಬೊಕ್ಕಸ ಬರಿದಾಗಿ, ಮೇಲೆ ಸಾಲವೂ ಬೆಳೆದಿತ್ತು. ಅದನ್ನು ಸರಿಪಡಿಸಲು ಲಂಡನ್ನಿನಿಂದ ಬಂದವನು ಜೇಮ್ಸ್ ವಿಲ್ಸನ್. 'ದಿ ಎಕನಾಮಿಸ್ಟ್' ಪತ್ರಿಕೆಯನ್ನು 1843ರಲ್ಲಿ ಶುರು ಮಾಡಿದ ಸ್ಕಾಟ್ಲೆಂಡಿನ ಮನುಷ್ಯ. 1860ರಲ್ಲಿ ಭಾರತದ ಮೊದಲ ಬಜೆಟ್ಟನ್ನು ಅವನು ಮಂಡಿಸಿದ್ದು ಇದೇ ಊರಿನಲ್ಲಿ. ಆದಾಯ ತೆರಿಗೆಯನ್ನು ತಂದವನೂ ಅವನೇ. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಈ ಹೊಸ ತೆರಿಗೆಗಳನ್ನು ಬಹಿರಂಗವಾಗಿ ವಿರೋಧಿಸಿ ಕೆಲಸ ಕಳೆದುಕೊಂಡ. ವಿಲ್ಸನ್ ಕೂಡ ಬಹಳ ದಿನ ಉಳಿಯಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಆಮಶಂಕೆಯಿಂದ ತೀರಿಕೊಂಡ. ಅವನ ಸಮಾಧಿ ಮಲ್ಲಿಕ್ ಬಜಾರಿನ ಹತ್ತಿರದ ಸ್ಮಶಾನದಲ್ಲಿದೆ. ನವೆಂಬರ್ 16, 1860ರಂದು ಎಡ್ವರ್ಡ್ ಡ್ರಮಂಡ್ ಮೊದಲ ಆಡಿಟರ್ ಜನರಲ್ ಆಗಿ ಅಧಿಕಾರ ವಹಿಸಿಕೊಂಡ. ಒಂದೇ ವರ್ಷದಲ್ಲಿ ಬಜೆಟ್ಟು, ಆದಾಯ ತೆರಿಗೆ, ಲೆಕ್ಕ ತಪಾಸಣೆ, ಮೂರೂ ಬಂದವು.

ಆದರೆ ಒಂದು ಕೊರತೆ ಇತ್ತು, ಅದೂ ಎಂಥ ಕೊರತೆ! ಲೆಕ್ಕ ಒಪ್ಪಿಸುತ್ತಿದ್ದದ್ದು ಯಾರಿಗೆ? ವಿಲ್ಸನ್ ಬಜೆಟ್ ಓದಿದ ಸಭೆಯಲ್ಲಿ ಒಬ್ಬನೇ ಒಬ್ಬ ಭಾರತೀಯನಿರಲಿಲ್ಲ. 1861ರ ಕಾಯಿದೆಯ ನಂತರ ಕೆಲವು ರಾಜರು ಮತ್ತು ದಿವಾನರು ಒಳಗೆ ಬಂದರು. ಬಜೆಟ್ ಮೇಲೆ ಮಾತಾಡುವ ಹಕ್ಕು ಸಿಕ್ಕಿದ್ದು 1892ರಲ್ಲಿ. ಮತ ಹಾಕುವಂತಿರಲಿಲ್ಲ, ಮಾತು ಮಾತ್ರ.

ಆ ಬರೀ ಮಾತಿನಿಂದಲೂ ಎಷ್ಟು ಸಾಧ್ಯ ಅಂತ ತೋರಿಸಿದವರು ಗೋಪಾಲಕೃಷ್ಣ ಗೋಖಲೆ. 1902ರ ಮಾರ್ಚಿನಲ್ಲಿ ಕಲ್ಕತ್ತಾದ ಸಭೆಯಲ್ಲಿ ನಿಂತು, ಬೊಕ್ಕಸದಲ್ಲಿ ಹಣ ಮಿಕ್ಕಿದರೆ ದೇಶ ಸುಖವಾಗಿದೆ ಅಂತ ಅರ್ಥವಲ್ಲ, ಬಡವರಿಂದ ಬೇಕಾದ್ದಕ್ಕಿಂತ ಹೆಚ್ಚು ಕಿತ್ತುಕೊಂಡಿದ್ದೀರಿ ಅಂತ ಅರ್ಥ ಎಂದು ಸರ್ಕಾರದ್ದೇ ಅಂಕಿಗಳಿಂದ ವಾದಿಸಿದರು. ಮರುವರ್ಷ ಕರ್ಜನ್ ಸರ್ಕಾರ ಉಪ್ಪಿನ ತೆರಿಗೆ ಇಳಿಸಿತು, ಆದಾಯ ತೆರಿಗೆಯ ಮಿತಿಯನ್ನು 500 ರೂಪಾಯಿಯಿಂದ 1000ಕ್ಕೆ ಏರಿಸಿತು. ಕೂಗಾಡಿ ಗೆದ್ದದ್ದಲ್ಲ, ಲೆಕ್ಕದ ಪುಸ್ತಕ ಓದಿ ಗೆದ್ದದ್ದು.

ಇಲ್ಲಿ ನಮ್ಮ ಮೈಸೂರನ್ನೂ ನೆನೆಯಬೇಕು. 1881ರ ಅಕ್ಟೋಬರಿನಲ್ಲಿ, ದಸರಾ ಹೊತ್ತಿಗೆ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿ ರಾಜ್ಯದ ಆದಾಯ ಖರ್ಚಿನ ವಿವರವನ್ನು ಊರೂರುಗಳಿಂದ ಬಂದವರ ಮುಂದೆ ಇಟ್ಟರು. ಅವರೂ ನೇಮಕವಾದವರೇ, ಅಧಿಕಾರವೇನೂ ಇರಲಿಲ್ಲ. ಆದರೆ ಕಲ್ಕತ್ತಾದ ಸಭೆಗೆ ಬಜೆಟ್ ಚರ್ಚೆಯ ಹಕ್ಕು ಬರುವುದಕ್ಕೆ 11 ವರ್ಷ ಮೊದಲೇ ನಮ್ಮ ಜನ ಸರ್ಕಾರದ ಕಡತದ ಒಂದು ಮಗ್ಗುಲನ್ನಾದರೂ ನೋಡಿದ್ದರು.

ಸಾರ್ವಜನಿಕ ಲೆಕ್ಕಪತ್ರ ಸಮಿತಿ ಎಂಬುದು ಬಂದದ್ದು 1921ರಲ್ಲಿ. ಅಷ್ಟರಲ್ಲಿ ರಾಜಧಾನಿ ದೆಹಲಿಗೆ ಹೋಗಿತ್ತು. ತಮಾಷೆ ಏನೆಂದರೆ, ಸಮಿತಿಯ ಅಧ್ಯಕ್ಷ ಹಣಕಾಸು ಸದಸ್ಯನೇ! ಅಂದರೆ ಖರ್ಚು ಮಾಡಿದವನೇ ಲೆಕ್ಕ ಕೇಳುವವನು. 1950ರಲ್ಲಿ ಇದು ನಿಜವಾದ ಸಂಸದೀಯ ಸಮಿತಿಯಾಯಿತು, ಮಂತ್ರಿಗಳಿಗೆ ಅದರಲ್ಲಿ ಜಾಗವಿಲ್ಲ. ಈಗ ಲೋಕಸಭೆಯ 15, ರಾಜ್ಯಸಭೆಯ 7, ಒಟ್ಟು 22 ಜನ. 1967ರಲ್ಲಿ ಮಿನೂ ಮಸಾನಿ ಅಧ್ಯಕ್ಷರಾದಾಗ, ವಿರೋಧ ಪಕ್ಷದವರೇ ಆ ಕುರ್ಚಿಯಲ್ಲಿ ಕೂರಬೇಕು ಎಂಬ ಸಂಪ್ರದಾಯ ಶುರುವಾಯಿತು. ಗಮನಿಸಿ, ಅದು ಸಂಪ್ರದಾಯ, ಕಾನೂನಲ್ಲ.

ಬಂಗಾಳದವರೂ ಆ ಕುರ್ಚಿಯಲ್ಲಿ ಕೂತಿದ್ದಾರೆ. ಡೈಮಂಡ್ ಹಾರ್ಬರಿನ ಜ್ಯೋತಿರ್ಮಯ ಬಸು, ಆಮೇಲೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಕಲ್ಕತ್ತಾ ಈಶಾನ್ಯ ಕ್ಷೇತ್ರದ ಹೀರೇಂದ್ರನಾಥ ಮುಖರ್ಜಿ. ಮುಖರ್ಜಿ ದೊಡ್ಡ ವಿದ್ವಾಂಸರು, ಆದರೆ ಆಗ ಅವರ ಸಿಪಿಐ ಪಕ್ಷ ಸರ್ಕಾರದ ಬೆಂಬಲಕ್ಕೆ ನಿಂತಿತ್ತು ಎಂಬುದನ್ನೂ ಮರೆಯಬಾರದು. ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ 2019ರವರೆಗೆ ಅಧ್ಯಕ್ಷರಾಗಿದ್ದರು. ಅವರಿಂದ ಹೊಣೆ ಬಂದದ್ದು ಬಂಗಾಳದ ಬಹರಂಪುರದ ಅಧೀರ್ ರಂಜನ್ ಚೌಧುರಿಗೆ. ಕನ್ನಡಿಗನ ಕೈಯಿಂದ ಬಂಗಾಳಿಯ ಕೈಗೆ ಲೆಕ್ಕದ ಪುಸ್ತಕ!

ಖರ್ಗೆಯವರ ಕಾಲದ ಒಂದು ಪ್ರಸಂಗ ಈ ಸಮಿತಿಯ ಬೆಲೆ ಏನು ಅಂತ ತೋರಿಸುತ್ತದೆ. 2018ರ ಡಿಸೆಂಬರಿನಲ್ಲಿ ರಫೇಲ್ ವಿಮಾನ ಖರೀದಿಯ ತೀರ್ಪಿನಲ್ಲಿ, ಬೆಲೆಯ ಬಗ್ಗೆ ಸಿಎಜಿ ವರದಿಯನ್ನು ಲೆಕ್ಕಪತ್ರ ಸಮಿತಿ ಪರಿಶೀಲಿಸಿದೆ ಎಂಬ ಮಾತು ಬಂತು. ಅಂಥ ವರದಿ ನಮ್ಮ ಮುಂದೆ ಬಂದೇ ಇಲ್ಲ ಎಂದರು ಖರ್ಗೆ. ಸರ್ಕಾರ ಮರುದಿನವೇ ವಾಕ್ಯ ತಿದ್ದಿಸಲು ಕೋರ್ಟಿಗೆ ಅರ್ಜಿ ಹಾಕಿತು. ವರದಿ ಸಂಸತ್ತಿಗೆ ಬಂದದ್ದು 2019ರ ಫೆಬ್ರುವರಿಯಲ್ಲಿ. ಆ ಕುರ್ಚಿಯಲ್ಲಿ ಹೌದಪ್ಪ ಎನ್ನುವವರಿದ್ದಿದ್ದರೆ?

ಹಾಗಂತ ಈ ಸಮಿತಿಯನ್ನು ದೇವರು ಮಾಡುವುದೂ ಬೇಡ. ಅದರ ಕೆಲಸದ ರೀತಿ ಹೀಗೆ: ಸಿಎಜಿ ವರದಿ ಸದನಕ್ಕೆ ಬರುತ್ತದೆ, ಸಮಿತಿ ಅದರಲ್ಲಿ ಕೆಲವನ್ನು ಆರಿಸಿಕೊಂಡು ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಕೇಳುತ್ತದೆ. ಶಿಫಾರಸು ಮಾಡಬಹುದು, ಶಿಕ್ಷೆ ಕೊಡುವಂತಿಲ್ಲ. ಅಷ್ಟು ಹೊತ್ತಿಗೆ ಹಣ ಖರ್ಚಾಗಿ ವರ್ಷಗಳಾಗಿರುತ್ತವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈ ಊರಿನ ಮೆಟ್ರೋ ನೋಡಿ. 1972ರಲ್ಲಿ ಮಂಜೂರಾದಾಗ ಅಂದಾಜು ಸುಮಾರು 140 ಕೋಟಿ. ಆ ಡಿಸೆಂಬರ್ 29ರಂದು ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದರು. ಎಸ್ಪ್ಲನೇಡಿನಿಂದ ಭವಾನಿಪುರಕ್ಕೆ ಮೊದಲ ರೈಲು ಓಡಿದ್ದು 1984ರ ಅಕ್ಟೋಬರ್ 24ರಂದು, ಬರೀ 3.4 ಕಿಲೋಮೀಟರ್. ದಮ್‌ದಮ್‌ನಿಂದ ಟಾಲಿಗಂಜಿನವರೆಗಿನ ಸುಮಾರು 16 ಕಿಲೋಮೀಟರ್ ಪೂರ್ತಿಯಾದದ್ದು 1995ರಲ್ಲಿ, ಖರ್ಚು ಮೊದಲ ಅಂದಾಜಿನ ಹತ್ತು ಪಟ್ಟು ದಾಟಿತ್ತು. ಬೆಲೆಯೇರಿಕೆ, ವರ್ಷ ವರ್ಷ ಚೂರುಚೂರಾಗಿ ಬಂದ ಹಣ, ಹೊಸ ತಂತ್ರಜ್ಞಾನ, ಕಾರಣಗಳು ನೂರಿರಬಹುದು. ಆದರೆ ಪ್ರಶ್ನೆ ಕೇಳಬೇಕಾದದ್ದು ಅಗೆಯುವಾಗ, ಮುಚ್ಚಿದ ಮೇಲಲ್ಲ.

ನೀರು, ಚರಂಡಿ, ಕಸದ ಲೆಕ್ಕವಂತೂ ದೆಹಲಿಯ ಕೈಗೆ ಎಟುಕುವುದೇ ಇಲ್ಲ. ಅದು ನಗರಪಾಲಿಕೆಯ ಲೆಕ್ಕ. ಇಲ್ಲಿ 1876ರಿಂದಲೇ ಚುನಾಯಿತ ಸದಸ್ಯರಿದ್ದರು. ಬಾಬುಗಳ ಕೈ ಮೇಲಾಗುತ್ತಿದೆ ಅನ್ನಿಸಿದಾಗ ಸರ್ಕಾರ 1899ರಲ್ಲಿ ಕಾಯಿದೆ ತಂದು ಚುನಾಯಿತರ ಸಂಖ್ಯೆಯನ್ನು 50ರಿಂದ 25ಕ್ಕೆ ಇಳಿಸಿತು. ಸುರೇಂದ್ರನಾಥ ಬ್ಯಾನರ್ಜಿ ಸೇರಿ 28 ಜನ ರಾಜೀನಾಮೆ ಬಿಸಾಕಿ ಹೊರಬಂದರು. ಅದೇ ಸುರೇಂದ್ರನಾಥರು ಮಂತ್ರಿಯಾಗಿ 1923ರಲ್ಲಿ ಹೊಸ ಕಾಯಿದೆ ತಂದು ಪಾಲಿಕೆಯನ್ನು ಜನರ ಕೈಗೆ ಮರಳಿಸಿದರು. 1924ರಲ್ಲಿ ಚಿತ್ತರಂಜನ ದಾಸರು ಮೇಯರ್, ಸುಭಾಷ್ ಚಂದ್ರ ಬೋಸ್ ಮುಖ್ಯ ಕಾರ್ಯನಿರ್ವಾಹಕ. ನಿಗದಿಯಾದ 3000 ರೂಪಾಯಿ ಸಂಬಳದಲ್ಲಿ ಬೋಸರು ತೆಗೆದುಕೊಂಡದ್ದು ಅರ್ಧ ಮಾತ್ರ.

1972ರಲ್ಲಿ ಪಾಲಿಕೆಯನ್ನು ಸರ್ಕಾರ ವಶಪಡಿಸಿಕೊಂಡಿತು. ಮತ್ತೆ ಚುನಾವಣೆ ನಡೆದದ್ದು 1985ರಲ್ಲಿ, 1980ರ ಹೊಸ ಕಾಯಿದೆಯಡಿ. ಅದರಲ್ಲಿ ಮೇಯರಿಗೆ ಒಂದು ಪುಟ್ಟ ಮಂತ್ರಿಮಂಡಲವಿದೆ, ಮೇಯರ್-ಇನ್-ಕೌನ್ಸಿಲ್. ಅದರ ಎದುರಿಗೆ ಒಂದು ಪಾಲಿಕೆ ಲೆಕ್ಕಪತ್ರ ಸಮಿತಿಯೂ ಇದೆ, ಸಂಸತ್ತಿನದ್ದರ ಪುಟ್ಟ ತಮ್ಮ. ನಮ್ಮ ಬೀದಿಯ ದೀಪಕ್ಕೂ ನಲ್ಲಿಗೂ ಹತ್ತಿರದ ಸಮಿತಿ ಇದು. ಆದರೆ ಅದರ ಹೆಸರು ಕೇಳಿದವರು ನಮ್ಮ ಕನ್ನಡ ಬಳಗದಲ್ಲಿ ಎಷ್ಟು ಜನ?

ಸಮಿತಿ ಇದ್ದರೆ ಸಾಲದು, ಕೇಳುವವರು ಯಾರು ಎಂಬುದು ಮುಖ್ಯ. ಇದಕ್ಕೂ ಬಂಗಾಳವೇ ಪಾಠ. 2016ರಲ್ಲಿ ಇಲ್ಲಿನ ವಿಧಾನಸಭೆಯ ಲೆಕ್ಕಪತ್ರ ಸಮಿತಿಗೆ ಕಾಂಗ್ರೆಸ್ಸಿನ ಮಾನಸ್ ಭುನಿಯಾ ಅಧ್ಯಕ್ಷರಾದರು, ಅದೂ ಅವರ ಪಕ್ಷಕ್ಕೇ ಇಷ್ಟವಿಲ್ಲದೆ. ಕೆಲವೇ ತಿಂಗಳಲ್ಲಿ ಆಳುವ ತೃಣಮೂಲ ಸೇರಿದರು. 2021ರ ಜುಲೈಯಲ್ಲಿ ಅಧ್ಯಕ್ಷರಾದ ಮುಕುಲ್ ರಾಯ್ ಗೆದ್ದದ್ದು ಬಿಜೆಪಿಯಿಂದ, ಆದರೆ ಹಿಂದಿನ ತಿಂಗಳಷ್ಟೇ ತೃಣಮೂಲಕ್ಕೆ ಮರಳಿದ್ದರು. ವಿಷಯ ಹೈಕೋರ್ಟಿನ ತನಕ ಹೋಯಿತು. 2022ರಲ್ಲಿ ಅವರು ಬಿಟ್ಟ ಮೇಲೆ ಬಂದ ಕೃಷ್ಣ ಕಲ್ಯಾಣಿಯೂ ಬಿಜೆಪಿಯಿಂದ ಗೆದ್ದು ತೃಣಮೂಲ ಸೇರಿದವರೇ. ಕಾಗದದ ಮೇಲೆ ವಿರೋಧ ಪಕ್ಷ, ಕೂತದ್ದು ಆಳುವವರ ಪಂಕ್ತಿಯಲ್ಲಿ. ಕಾನೂನು ಮುರಿಯದೆಯೂ ಸಂಪ್ರದಾಯವನ್ನು ಹೇಗೆ ಟೊಳ್ಳು ಮಾಡಬಹುದು ನೋಡಿ. ಇದು ಒಂದೇ ಪಕ್ಷದ ಚಾಳಿಯೂ ಅಲ್ಲ. 2011ರಲ್ಲಿ 2ಜಿ ಹಗರಣದ ಕುರಿತು ಮುರಳಿ ಮನೋಹರ ಜೋಶಿಯವರ ಕರಡು ವರದಿಯನ್ನು ಆಗಿನ ಆಳುವ ಕೂಟದ ಸದಸ್ಯರು ಸಮಿತಿಯ ಒಳಗೇ ತಿರಸ್ಕರಿಸಿದ್ದರು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದು ಅಭ್ಯಾಸವಿದೆ. ಬೆಂಗಳೂರಿನ ರಾಜಕೀಯವನ್ನು ಬಾಯಿ ತುಂಬ ಆಡುತ್ತೇವೆ, ಕಂದಾಯ ಕಟ್ಟುವ ಊರಿನ ಲೆಕ್ಕ ಮಾತ್ರ ನಮ್ಮದಲ್ಲ ಎಂದುಕೊಳ್ಳುತ್ತೇವೆ. ಸಿಎಜಿಯ ವೆಬ್‌ಸೈಟಿನಲ್ಲಿ ಕರ್ನಾಟಕದ ವರದಿಗಳೂ ಇವೆ, ಪಶ್ಚಿಮ ಬಂಗಾಳದ ವರದಿಗಳೂ ಇವೆ, ಬಿಟ್ಟಿಯಾಗಿ. ಒಂದು ಭಾನುವಾರ ಒಂದು ಅಧ್ಯಾಯ ಓದಿ ನೋಡಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಎಲ್ಲ ಸಿಗುತ್ತದೆ. ಆಮೇಲೆ ವಾರ್ಡಿನ ಕೌನ್ಸಿಲರ್ ಮತ ಕೇಳಲು ಮನೆಗೆ ಬಂದಾಗ ಚಹಾ ಕೊಟ್ಟು ಒಂದೇ ಪ್ರಶ್ನೆ ಕೇಳಿ: ಪಾಲಿಕೆಯ ಲೆಕ್ಕಪತ್ರ ಸಮಿತಿ ಕೊನೆಯದಾಗಿ ಕೊಟ್ಟ ವರದಿಯಲ್ಲಿ ಏನಿತ್ತು?