ಅಂಕೋಲೆ: ಉಪ್ಪು, ಗೇಣಿ, ಶಾಲೆ

ಮೇ ತಿಂಗಳು ಬಂತೆಂದರೆ ಅಂಕೋಲೆಯ ಹೆದ್ದಾರಿ ಬದಿಯಲ್ಲಿ ಈಶಾಡ ಮಾವಿನ ಬುಟ್ಟಿಗಳು ಸಾಲುಗಟ್ಟುತ್ತವೆ. ಬುಟ್ಟಿಗಳ ಹಿಂದೆ ಕೊರಳ ತುಂಬ ಮಣಿಸರ ಹೇರಿಕೊಂಡ ಹಾಲಕ್ಕಿ ಒಕ್ಕಲಗಿತ್ತಿಯರು. ಕರಿ ಈಶಾಡದ ಸಿಪ್ಪೆ ತೆಳು, ಒಳಗೆಲ್ಲ ರಸ. ದೂರದ ಪೇಟೆಗೆ ಸಾಗಿಸಲು ಒಗ್ಗುವ ಹಣ್ಣಲ್ಲ. ತಿನ್ನಬೇಕೆಂದರೆ ಇಲ್ಲಿಗೇ ಬರಬೇಕು.

ಕಾರವಾರ ಮತ್ತು ಕುಮಟೆಯ ನಡುವಿನ ಈ ಊರು ದೇಶಕ್ಕೆ ಪರಿಚಯವಾದದ್ದು ಉಪ್ಪಿನಿಂದ. 1930ರ ಏಪ್ರಿಲ್ 13ರಂದು ಇಲ್ಲಿಯ ಕಡಲ ದಂಡೆಯಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಹಿಂದೆಯೇ ಕರನಿರಾಕರಣೆ ಬಂತು. ಸೂರ್ವೆಯಂಥ ಹಳ್ಳಿಗಳ ರೈತರು ತೀರ್ವೆ ಕಟ್ಟಲಿಲ್ಲ. ಸರ್ಕಾರ ಅವರ ಜಮೀನು ಜಪ್ತಿ ಮಾಡಿತು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯನ್ನು ನೆನೆದು ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಅಂಕೋಲೆಗೆ ಬಂದದ್ದು ಆಗ.

ಆದರೆ ಊರಿನ ಚರಿತ್ರೆ ಅಷ್ಟಕ್ಕೇ ಮುಗಿಯುವುದಿಲ್ಲ. ಸರ್ಕಾರಕ್ಕೆ ಕರ ಕೊಡೆವೆಂದ ನೆಲದಲ್ಲೇ ಒಕ್ಕಲುಗಳು ಧಣಿಯ ಅಂಗಳದಲ್ಲಿ ಗೇಣಿ ಭತ್ತ ಅಳೆಯುತ್ತಿದ್ದರು. ಮೂಲಗೇಣಿಯವರಿಗೆ ತುಸು ನೆಲೆಯಿತ್ತು; ಚಾಲಗೇಣಿಯವರನ್ನು ಧಣಿ ಬೇಡವೆಂದರೆ ಗದ್ದೆ ಬಿಡಿಸಬಹುದಿತ್ತು. ಈ ಅನ್ಯಾಯವನ್ನು ಕೈಗೆತ್ತಿಕೊಂಡವರು ಅಲಗೇರಿಯ ದಿನಕರ ದೇಸಾಯಿ. 1909ರಲ್ಲಿ ಹುಟ್ಟಿದ ಅವರು ಮೈಸೂರು, ಮುಂಬಯಿಗಳಲ್ಲಿ ಓದಿ, ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜ ಸೇರಿದ್ದರು. ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆ, ಊರಲ್ಲಿ ರೈತಕೂಟ. ಉಳುವವನೇ ಹೊಲದೊಡೆಯ ಎಂಬ ಕೂಗು ಕೇಳಿ ಬೆಚ್ಚಿದ ಆಡಳಿತ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಐದು ವರ್ಷ ಗಡಿಪಾರು ಮಾಡಿತು.

ಮರಳಿ ಬಂದ ಮೇಲೂ ದೇಸಾಯರು ಸುಮ್ಮನಿರಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಹುಟ್ಟಿತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳು ತುಂಡರಿಸಿದ ಈ ಕರಾವಳಿಯಲ್ಲಿ ಮಳೆಗಾಲದಲ್ಲಿ ಹೊಳೆ ದಾಟಿ ಹೈಸ್ಕೂಲಿಗೆ ಹೋಗುವುದು ಬಡವರ ಮಕ್ಕಳ ಮಾತಾಗಿರಲಿಲ್ಲ. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಹಳ್ಳಿಗೆ ಹೋಗಲಿ ಎಂಬುದು ಟ್ರಸ್ಟಿನ ದಾರಿ. ಮಿರ್ಜಾನ, ಶಿರಾಲಿ, ಘಟ್ಟದ ಮೇಲಿನ ದಾಂಡೇಲಿಯಂಥ ಕಡೆ ಜನತಾ ವಿದ್ಯಾಲಯಗಳು ಬಂದವು. 1966ರಲ್ಲಿ ಅಂಕೋಲೆಗೇ ಕಾಲೇಜು ಬಂತು. ಅದಕ್ಕೆ ಗೋಖಲೆ ಸೆಂಟಿನರಿ ಎಂದು ಹೆಸರಿಟ್ಟರು. 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿ ಸೋತಿದ್ದ ಗೋಖಲೆಯವರೂ ಮೂಲತಃ ಮೇಷ್ಟ್ರೇ.

1967ರಲ್ಲಿ ದೇಸಾಯರು ಲೋಕಸಭೆಗೆ ನಿಂತರು, ಯಾವ ಪಕ್ಷದ ಚೀಟಿಯೂ ಇಲ್ಲದೆ. ಮೊದಲ ಮೂರು ಚುನಾವಣೆಗಳಲ್ಲೂ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನೇ ಆರಿಸಿದ್ದ ಕ್ಷೇತ್ರ ಈ ಸಲ ಪಕ್ಷೇತರನನ್ನು ದಿಲ್ಲಿಗೆ ಕಳಿಸಿತು. ಅವಧಿ ತುಂಬುವ ಮೊದಲೇ ಸಭೆ ವಿಸರ್ಜನೆಯಾಯಿತು. ಊರವರು ಅವರನ್ನು ಎಂಪಿ ಎಂದು ನೆನೆಯುವುದು ಕಡಿಮೆ. ‘ಜನಸೇವಕ’ ಪತ್ರಿಕೆಯಲ್ಲಿ ನಾಲ್ಕೇ ಸಾಲಿನಲ್ಲಿ ಪುಢಾರಿಗಳನ್ನು ಕುಟುಕುತ್ತಿದ್ದ ಚುಟುಕು ಬ್ರಹ್ಮನೆಂದೂ ಶಾಲೆ ಕಟ್ಟಿದವರೆಂದೂ ನೆನೆಯುವುದೇ ಹೆಚ್ಚು.

1974ರ ಭೂಸುಧಾರಣೆ ಕಾಯಿದೆ ಗೇಣಿಯನ್ನು ತೆಗೆದುಹಾಕಿತು. ಆದರೆ ನೆಲ ತಾನಾಗಿ ಒಕ್ಕಲಿನ ಕೈಗೆ ಬರಲಿಲ್ಲ. ಫಾರ್ಮ್ ಏಳು ತುಂಬಬೇಕು, ಸರ್ವೆ ನಂಬರು ಬರೆಯಬೇಕು, ಟ್ರಿಬ್ಯೂನಲ್ಲಿನ ಮುಂದೆ ನಿಂತು ಧಣಿಯ ಮಾತಿಗೆ ಉತ್ತರ ಹೇಳಬೇಕು. ಹೈಸ್ಕೂಲು ಮೆಟ್ಟಿಲು ಹತ್ತಿದ ಮಗನೋ ಮಗಳೋ ಇದ್ದ ಮನೆಗೆ ಆ ಕಾಗದ ಓದಿಸಲು ಧಣಿಯ ಮನೆಗೇ ಹೋಗುವ ಗತಿಯಿರಲಿಲ್ಲ. 1982ರಲ್ಲಿ ದೇಸಾಯರು ತೀರಿಕೊಂಡರು. ರೈತಕೂಟ ಒಂದು ಕೆಲಸ, ಶಾಲೆ ಇನ್ನೊಂದು ಎಂದು ಅವರ ಬದುಕನ್ನು ಎರಡಾಗಿ ಬರೆಯುವುದುಂಟು. ಅಂಕೋಲೆಯ ಗದ್ದೆಗಳ ಪಹಣಿ ತೆರೆದು ನೋಡಿದರೆ ಅವೆರಡೂ ಒಂದೇ.