ಹೆಬ್ಬಾವಿನ ಬಾಣಂತನ

ಬಾಣಂತಿಗೆ ಎಣ್ಣೆ ನೀರು, ಕರಿಮೆಣಸಿನ ಸಾರು, ಬೆಚ್ಚನೆಯ ಕೋಣೆ ಎಂದು ನಮ್ಮಲ್ಲಿ ಒಂದು ಶಾಸ್ತ್ರವೇ ಇದೆ. ಕರು ಹಾಕಿದ ಹಸುವಿಗೂ ಹಟ್ಟಿಯಲ್ಲಿ ಪ್ರತ್ಯೇಕ ಆರೈಕೆ ಉಂಟು. ಆದರೆ ಹಾವಿಗೂ ಬಾಣಂತನವೇ ಎಂದರೆ ನಗು ಬರಬಹುದು. ಬಹುಪಾಲು ಹಾವುಗಳ ತಾಯ್ತನ ಮೊಟ್ಟೆಯಿಟ್ಟ ಗಳಿಗೆಗೇ ಮುಗಿಯುತ್ತದೆ. ಮರಿ ಹಾಕುವ ಕೊಳಕುಮಂಡಲವೂ ಮರಿಗಳನ್ನು ಸಾಕುವ ಗೋಜಿಗೆ ಹೋಗುವುದಿಲ್ಲ. ಕಾಳಿಂಗ ಸರ್ಪ ತರಗೆಲೆಗಳನ್ನು ಒಟ್ಟುಮಾಡಿ ಗೂಡು ಕಟ್ಟಿ ಕಾವಲು ಕಾಯುತ್ತದೆ. ಹೆಬ್ಬಾವಿನ ರೀತಿ ಇನ್ನೂ ಬೇರೆ. ಮೊಟ್ಟೆಗಳನ್ನು ಗುಡ್ಡೆ ಮಾಡಿ, ಅವುಗಳ ಸುತ್ತ ಮೈಯನ್ನು ಸಿಂಬಿಯಂತೆ ಸುತ್ತಿ, ಮೇಲೆ ತಲೆಯಿಟ್ಟು, ಸುಮಾರು ಎರಡು ತಿಂಗಳು ಅನ್ನಾಹಾರ ಬಿಟ್ಟು ಅದು ಕೂತುಬಿಡುತ್ತದೆ.

ಈ ವ್ರತವನ್ನು ಮನುಷ್ಯ ಹತ್ತಿರದಿಂದ ಕಂಡದ್ದು ಮೃಗಾಲಯಗಳಲ್ಲಿ. ಕಥೆ ಆರಂಭವಾಗುವುದು ಮಾತ್ರ ಭಾರತದಿಂದ. ಇಲ್ಲಿ ಸುತ್ತಾಡಿ ಹೋಗಿದ್ದ ಲಮಾರ್-ಪಿಕೋ ಎಂಬ ಫ್ರೆಂಚ್ ಪ್ರವಾಸಿ, ಹೆಬ್ಬಾವು ಕೋಳಿಯಂತೆ ಮೊಟ್ಟೆಗೆ ಕಾವು ಕೊಡುತ್ತದೆ, ಆಗ ಅದರ ಮೈ ಬಿಸಿಯಾಗಿರುತ್ತದೆ ಎಂದು 1832ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದ. ಪಂಡಿತರು ಒಪ್ಪಲಿಲ್ಲ. ಹಾವು ತಣ್ಣನೆಯ ನೆತ್ತರಿನ ಪ್ರಾಣಿ. ಸುತ್ತಲಿನ ಹವೆ ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ ಎಂಬುದು ಆಗಿನ ಪಾಠ. ಅದರಲ್ಲೂ ಸರೀಸೃಪಗಳ ವಿಷಯದಲ್ಲಿ ಆ ಕಾಲದ ಕೊನೆಯ ಮಾತು ಎನಿಸಿದ್ದ ದ್ಯುಮೆರಿಲ್ ಇದನ್ನು ನಂಬಲಿಲ್ಲ.

ಒಂಬತ್ತು ವರ್ಷಗಳ ನಂತರ ಉತ್ತರ ಪ್ಯಾರಿಸಿನಲ್ಲೇ ದೊರೆಯಿತು. ಅಲ್ಲಿನ ಜಾರ್ದಾ ದೆ ಪ್ಲಾಂತ್ ಉದ್ಯಾನದ ಪ್ರಾಣಿಸಂಗ್ರಹದಲ್ಲಿದ್ದ ಹೆಣ್ಣು ಹೆಬ್ಬಾವು 1841ರ ಮೇ ತಿಂಗಳಲ್ಲಿ 15 ಮೊಟ್ಟೆಯಿಟ್ಟು ಅವುಗಳನ್ನು ಸುತ್ತಿಕೊಂಡಿತು. ಪ್ರಾಣಿವಿಜ್ಞಾನಿ ವಾಲೆನ್ಸಿಯೆನ್ ಉಷ್ಣಮಾಪಕ ಹಿಡಿದು ಪಂಜರದ ಬಳಿ ನಿಂತರು. ಸುರುಳಿಗಳ ನಡುವಿನ ಬಿಸಿ ಪಂಜರದ ಹವೆಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಜುಲೈ ಆರಂಭದಲ್ಲಿ 8 ಮರಿಗಳು ಹೊರಬಂದವು. ಪ್ರವಾಸಿಯ ಮಾತು ಸುಳ್ಳಾಗಿರಲಿಲ್ಲ.

ವಿಜ್ಞಾನದ ಪುಸ್ತಕಗಳು ಈ ಘಟನೆಯನ್ನು ಉಷ್ಣಮಾಪಕದ ಕಾರಣಕ್ಕೆ ನೆನೆಯುತ್ತವೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಚಿಕ್ಕ ಸಂಗತಿ ಇದೆ. ಹಾವು ಕಾವು ಕೂತು ಇಪ್ಪತ್ತು ದಿನ ಕಳೆದಿರಬೇಕು. ಅದನ್ನು ನೋಡಿಕೊಳ್ಳುತ್ತಿದ್ದ ವಾಲೆ ಎಂಬ ಸೇವಕನಿಗೆ ತಾಯಿಗೆ ಬಾಯಾರಿದೆ ಎಂದು ತೋರಿತು. ಅವನು ನೀರಿನ ಪಾತ್ರೆಯನ್ನು ಸುರುಳಿಯ ಹತ್ತಿರಕ್ಕೇ ಒಯ್ದ. ಆಹಾರವನ್ನು ಮೂಸಿಯೂ ನೋಡದ ಹಾವು ಆ ನೀರನ್ನು ಆತುರದಿಂದ ಕುಡಿಯಿತು. ಮುಂದೆಯೂ ಕೆಲವು ಸಲ ಕುಡಿಯಿತು. ಬಂಧನದಲ್ಲಿರುವ ಹಾವಿನ ಬಾಣಂತನದಲ್ಲಿ ದಾಖಲೆಯಾಗಿ ಉಳಿದಿರುವ ಮೊದಮೊದಲ ಉಪಚಾರಗಳಲ್ಲಿ ಇದೊಂದು. ಉಪವಾಸವಿರುವ ತಾಯಿಗೂ ನೀರು ಬೇಕು, ನೀರಿಗಾಗಿ ಅದು ಮೊಟ್ಟೆ ಬಿಟ್ಟು ಏಳುವಂತಾಗಬಾರದು ಎಂಬ ಈ ತಿಳಿವಳಿಕೆ ಇಂದಿಗೂ ಹಳತಾಗಿಲ್ಲ. ನಾಗರಪಂಚಮಿಯಂದು ಹಾವಾಡಿಗರ ಹಾವು ಹಾಲು ಕುಡಿಯುವುದರ ಗುಟ್ಟೂ ಇದೇ. ದಿನಗಟ್ಟಲೆ ನೀರಿಲ್ಲದೆ ಇಟ್ಟ ಹಾವು ಮುಂದಿಟ್ಟ ಯಾವ ದ್ರವವನ್ನಾದರೂ ಹೀರುತ್ತದೆ. ಹಾಲು ಅದಕ್ಕೆ ಜೀರ್ಣವಾಗುವ ಆಹಾರವಲ್ಲ.

ಎಲ್ಲ ಕಡೆಯೂ ಪ್ಯಾರಿಸಿನ ಅದೃಷ್ಟ ಇರಲಿಲ್ಲ. ಲಂಡನ್ ಮೃಗಾಲಯದಲ್ಲಿ 1862ರ ಜನವರಿಯಲ್ಲಿ ಆಫ್ರಿಕದ ಹೆಬ್ಬಾವೊಂದು ಸುಮಾರು ನೂರು ಮೊಟ್ಟೆಯಿಟ್ಟು ವಾರಗಟ್ಟಲೆ ಕಾವು ಕೂತಿತು. ಅದನ್ನು ನೋಡಲು ಜನ ಮುಗಿಬಿದ್ದರು. ಮರಿಗಳು ಮಾತ್ರ ಹೊರಬರಲಿಲ್ಲ.

ಬಿಸಿ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಹಚಿಸನ್, ಡೌಲಿಂಗ್, ವಿನೆಗರ್ ಎಂಬ ಮೂವರು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹೆಬ್ಬಾವನ್ನು ಪರೀಕ್ಷಿಸಿ 1966ರಲ್ಲಿ ಫಲಿತಾಂಶ ಪ್ರಕಟಿಸಿದರು. ಹವೆ 33 ಡಿಗ್ರಿಗಿಂತ ತಣ್ಣಗಾದರೆ ತಾಯಿಯ ಸ್ನಾಯುಗಳು ಮತ್ತೆ ಮತ್ತೆ ಅದುರುತ್ತವೆ. ಚಳಿಯಲ್ಲಿ ನಮ್ಮ ಮೈ ನಡುಗುವ ಹಾಗೆಯೇ ಎನ್ನಬಹುದು. ಈ ನಡುಕದಿಂದಲೇ ಮೈ ಬಿಸಿಯಾಗುತ್ತದೆ. ಬಿಸಿಯೇನೂ ಪುಕ್ಕಟೆಯಲ್ಲ. 25 ಡಿಗ್ರಿ ಹವೆಯಲ್ಲಿ ಕಾವು ಕೂತ ತಾಯಿ ಉಳಿದ ದಿನಗಳಿಗಿಂತ 9 ಪಟ್ಟಿಗೂ ಹೆಚ್ಚು ಆಮ್ಲಜನಕ ಬಳಸುತ್ತಿತ್ತು. ಹೊಟ್ಟೆಗೆ ಏನೂ ಇಲ್ಲದ ಕಾಲದಲ್ಲಿ ಇಷ್ಟು ಖರ್ಚು; ಎಲ್ಲವೂ ಮೈಯ ಕೊಬ್ಬು, ಮಾಂಸಗಳಿಂದಲೇ ಸಲ್ಲಬೇಕು.

ಈ ಸಾಲದ ಬಡ್ಡಿ ಎಷ್ಟೆಂಬುದು ಕಂಡದ್ದು ಉತ್ತರ ಆಸ್ಟ್ರೇಲಿಯದ ಕಾಡಿನಲ್ಲಿ. ಅಲ್ಲಿನ ನೀರು ಹೆಬ್ಬಾವುಗಳ ಬಗ್ಗೆ ಮ್ಯಾಡ್ಸನ್ ಮತ್ತು ಶೈನ್ 1999ರಲ್ಲಿ ಬರೆದರು. ಬೆಚ್ಚನೆಯ ಉಡದ ಬಿಲಗಳಲ್ಲಿ ಮೊಟ್ಟೆಯಿಟ್ಟ ತಾಯಿಯರು ಬೇಗನೆ ಎದ್ದು ಬೇಟೆಗೆ ಹೋಗುತ್ತಿದ್ದವು. ಮರದ ಬೇರಿನಡಿಯ ತಣ್ಣನೆಯ ಪೊಟರೆಗಳಲ್ಲಿ ಇಟ್ಟವು ಕೊನೆಯವರೆಗೂ ಕೂರಬೇಕಿತ್ತು. ಹೀಗೆ ಕೂತವು ಹೆಚ್ಚು ಸೊರಗಿದವು; ಮುಂದೆ ಬದುಕುಳಿದವೂ ಕಡಿಮೆ.

ಪಾಲಕರ ಮುಂದೆ ಹೀಗೊಂದು ಧರ್ಮಸಂಕಟ ನಿಂತಿದೆ. ಮೊಟ್ಟೆಗಳನ್ನು ತಾಯಿಯ ಬಳಿಯೇ ಬಿಟ್ಟರೆ ಅದರ ಸ್ವಭಾವಕ್ಕೆ ಅಡ್ಡಿಯಾಗದು, ಆದರೆ ಅದು ಬಡಕಲಾಗುತ್ತದೆ. ತೆಗೆದು ಕಾವುಪೆಟ್ಟಿಗೆಯಲ್ಲಿಟ್ಟರೆ ತಾಯಿ ಬೇಗ ಆಹಾರ ಮುಟ್ಟುತ್ತದೆ. ಎರಡನೆಯದೇ ಈಗ ಹೆಚ್ಚಿನ ರೂಢಿ. ಆದರೆ ಮೊಟ್ಟೆ ತೆಗೆದ ಮಾತ್ರಕ್ಕೆ ತಾಯಿ ಮರೆಯುವುದಿಲ್ಲ. ಹಾಸಿನಲ್ಲಿ, ತನ್ನ ಮೈಯಲ್ಲಿ ವಾಸನೆ ಉಳಿದಿದ್ದರೆ ಬರಿಯ ಜಾಗವನ್ನೇ ಸುತ್ತಿಕೊಂಡು ಕೂರುವುದುಂಟು. ಅದಕ್ಕೇ ಪಂಜರ ತೊಳೆದು, ಹಾಸು ಬದಲಿಸಿ, ಹಾವಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆಸುತ್ತಾರೆ. ಬಾಣಂತಿಯ ನೀರು ಎಂದರೆ ತಪ್ಪಾಗದು! ಒಳಗೆ ಮೊಟ್ಟೆ ಉಳಿದಿದೆಯೇ ಎಂದು ಹೊಟ್ಟೆಯ ಉದ್ದಕ್ಕೂ ಕೈಯಾಡಿಸಿ ನೋಡುತ್ತಾರೆ. ಉಳಿದಿದ್ದರೆ ಪಶುವೈದ್ಯರೇ ಬರಬೇಕು, ತಡವಾದರೆ ಪ್ರಾಣಕ್ಕೆ ಅಪಾಯ. ತೂಕ ಬರೆದಿಟ್ಟುಕೊಂಡು, ಮೊದಲಿಗೆ ಮಾಮೂಲಿಗಿಂತ ಚಿಕ್ಕ ಇಲಿಯನ್ನು ಕೊಡುತ್ತಾರೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಹೆಬ್ಬಾವನ್ನು ಮನೆಯಲ್ಲಿ ಸಾಕುವಂತಿಲ್ಲ. ಹಾಗಾಗಿ ಇಂಥ ಆರೈಕೆ ಮೃಗಾಲಯ, ರಕ್ಷಣಾ ಕೇಂದ್ರಗಳ ಪಾಲಿನದು. ವಿದೇಶಗಳಲ್ಲಿ ಹಾವಿನ ಮರಿಗಳ ವ್ಯಾಪಾರವೇ ಇದೆ. ಕಾಡಿನ ಹೆಬ್ಬಾವು ಎಷ್ಟೋ ಸಲ ಒಂದೆರಡು ವರ್ಷ ತಿಂದು ಮೈ ತುಂಬಿಕೊಂಡ ಮೇಲೆಯೇ ಮತ್ತೆ ಮೊಟ್ಟೆಯಿಡುತ್ತದೆ. ಪಂಜರದ್ದಕ್ಕೆ ಆ ಬಿಡುವು ಸಿಗುವುದೂ ಬಿಡುವುದೂ ಸಾಕಿದವರ ಕೈಯಲ್ಲಿದೆ.