ಕೇರಿಗೆ ಬಂದ ಸೆಕೆಂಡ್ಸ್ ಪೇಟಿ

ನಮ್ಮಲ್ಲಿ ಸಂಗೀತದ ಚರಿತ್ರೆ ಬರೆದವರು ಗುರುಗಳ ಹೆಸರು ಬರೆದಿದ್ದಾರೆ, ಘರಾಣೆಗಳ ವಂಶಾವಳಿ ಬರೆದಿದ್ದಾರೆ, ರಾಗಗಳ ಲಕ್ಷಣ ಬರೆದಿದ್ದಾರೆ. ವಾದ್ಯವನ್ನು ಯಾರು, ಎಷ್ಟು ರೊಕ್ಕ ಕೊಟ್ಟು, ಯಾರ ಕೈಯಿಂದ ಕೊಂಡರು ಎಂಬುದನ್ನು ಬರೆದವರು ಕಡಿಮೆ. ಈ ಮೌನ ಆಕಸ್ಮಿಕವಲ್ಲ. ಹುಟ್ಟುವ ಮೊದಲೇ ಮನೆಯಲ್ಲಿ ತಂಬೂರಿ ಇದ್ದವನಿಗೆ ವಾದ್ಯದ ಬೆಲೆ ಒಂದು ಪ್ರಶ್ನೆಯೇ ಅಲ್ಲ. ಕೇರಿಯವನಿಗೆ ಅದೇ ಮೊದಲ ಪ್ರಶ್ನೆ. ಆದ್ದರಿಂದ ದಲಿತ ವಿಮರ್ಶೆಯ ಚರ್ಚೆಯಲ್ಲಿ ನಾನು ಒಂದು ಸಣ್ಣ ಸಂಗತಿಯನ್ನು ಎತ್ತಿಕೊಳ್ಳುತ್ತೇನೆ: ಕೇರಿಗೆ ಪೇಟಿ ಹೆಂಗ ಬಂತು?

ನಮ್ಮ ಕೊರ್ಲಹಳ್ಳಿ ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಊರು. 1953ರವರೆಗೆ ಹೊಳೆಯ ಈ ದಂಡೆ ಮುಂಬೈಗೆ, ಆಚೆಯ ಹಡಗಲಿ ಸೀಮೆ ಮದ್ರಾಸಿಗೆ ಸೇರಿತ್ತು. ಸರಕಾರ ಎರಡಾದರೂ ಹಲಗಿ ಬಡಿಯುವವರ ಕೇರಿ ಎರಡೂ ದಂಡೆಗೆ ಊರ ಹೊರಗೇ ಇತ್ತು. ಹಲಗಿಯನ್ನು ಯಾರೂ ಕೊಳ್ಳಬೇಕಾಗಿರಲಿಲ್ಲ. ಸತ್ತ ದನ ಎಳೆದು, ತೊಗಲು ಹದಮಾಡಿ, ಬಳೆಗೆ ಬಿಗಿದು, ಬೆಂಕಿಗೆ ಕಾಸಿ ನಾದ ಹುಟ್ಟಿಸುವ ವಿದ್ಯೆ ಕೇರಿಯದೇ. ಆದರೆ ಅದನ್ನು ಬಡಿಯುವ ಕೈ ಕೇರಿಯ ಮಾತು ಕೇಳುತ್ತಿರಲಿಲ್ಲ. ಗೌಡ-ಕುಲಕರ್ಣಿಗಳ ಮಾತು ಕೇಳುತ್ತಿತ್ತು. ಡಂಗುರ, ಹೆಣ, ಜಾತ್ರೆ, ಎಲ್ಲವೂ ಚಾಕರಿ. 1874ರ ಮುಂಬೈ ವತನ ಕಾಯಿದೆ ಇಂಥ ವಂಶಪಾರಂಪರ್ಯ ಚಾಕರಿಗೆ ಕಾನೂನಿನ ಮುದ್ರೆ ಒತ್ತಿತು. 1928ರಲ್ಲಿ ಅಂಬೇಡ್ಕರರು ಮುಂಬೈ ಶಾಸನಸಭೆಯಲ್ಲಿ ಅದರ ತಿದ್ದುಪಡಿಗೆ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳ ರದ್ದಿಗೆ ಶಾಸನವಾದದ್ದು 1961ರಲ್ಲಿ. ಸ್ವಂತ ಕೈಯಿಂದ ಮಾಡಿದ ವಾದ್ಯವೂ ಸ್ವಂತದ್ದಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ರೊಕ್ಕ ಕೊಟ್ಟು ಕೊಂಡ ಪೇಟಿಯ ಅರ್ಥ ತಿಳಿಯುವುದು ಆಗಲೇ.

ಪೇಟಿಗೆ ನಮ್ಮ ಶಾಸ್ತ್ರದಲ್ಲಿ ಹುಟ್ಟೂರಿಲ್ಲ. 1842ರಲ್ಲಿ ಪ್ಯಾರಿಸ್ಸಿನ ದೆಬೇನ್ ಹಾರ್ಮೋನಿಯಂ ಹೆಸರಿನಲ್ಲಿ ಹಕ್ಕುಪತ್ರ ಪಡೆದ ಯಂತ್ರ ಅದು; ಮಿಶನರಿಗಳ ಜೊತೆ ಇಲ್ಲಿಗೆ ಬಂತು. 1870ರ ದಶಕದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕುಂತು ಒಂದು ಕೈಲೆ ತಿದಿ ಒತ್ತಿ ನುಡಿಸುವಂತೆ ಮಾಡಿದರು. ಅದರ ಸ್ವರದ ರೀಡುಗಳು ಮೊದಲು ಯುರೋಪಿನಿಂದ ಬರುತ್ತಿದ್ದವು, ಮುಂದೆ ಗುಜರಾತಿನ ಪಾಲಿತಾಣದಲ್ಲಿ ತಯಾರಾದವು. ಮೀಂಡು ಎಳೆಯಲು ಬಾರದ, ಗಮಕ ಆಡಿಸಲು ಬಾರದ ಈ ಪೆಟ್ಟಿಗೆಯನ್ನು ಪಂಡಿತರು ಹಳಿದರು. ರವೀಂದ್ರನಾಥ ಠಾಕೂರರೂ ಅದರ ವಿರೋಧಿಯೇ. 1940ರಲ್ಲಿ ಆಕಾಶವಾಣಿ ಅದನ್ನು ಹೊರಗೆ ಹಾಕಿತು. 1971ರ ಹೊತ್ತಿಗೆ ನಿಷೇಧ ಸಡಿಲವಾಗುವವರೆಗೆ ಮೂರು ದಶಕ ಅದು ರೇಡಿಯೋದ ಬಾಗಿಲಾಚೆ ನಿಂತಿತ್ತು. ಅಂದರೆ ಶಿಷ್ಟರ ಲೆಕ್ಕದಲ್ಲಿ ಪೇಟಿ ಅನ್ನುವುದೇ ಸೆಕೆಂಡ್ಸ್ ಮಾಲು.

ಆದರೆ ಅದೇ ಕಾಲಕ್ಕೆ ಗದಗ ಸೀಮೆಯಲ್ಲಿ ಪೇಟಿ ಮನೆಮಾತಾಗಿತ್ತು. ಗರುಡ ಸದಾಶಿವರಾಯರ ಕಂಪನಿಯಂಥ ನಾಟಕ ಮಂಡಳಿಗಳು ಅದನ್ನು ರಂಗದ ಮುಂದೆ ಇಟ್ಟವು. ಪಂಚಾಕ್ಷರಿ ಗವಾಯಿಗಳ, ಮುಂದೆ ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸಿತು. ಸಣ್ಣಾಟ, ಭಜನೆ, ತತ್ವಪದಗಳಿಗೂ ಪೇಟಿ ಬಂತು. ಕಿವಿಗೆ ಬಿದ್ದದ್ದು ಕೈಗೂ ಬೇಕೆನಿಸುವುದು ಸಹಜ. ಆದರೆ ಕೂಲಿಯವನ ಕೈಗೆ ಹೊಸ ಪೇಟಿ ಎಟುಕುತ್ತಿರಲಿಲ್ಲ.

ಎಟುಕಿದ್ದು ಬೇರೆಯದು. ಕಟ್ಟಿಗೆ ಸೀಳಿದ್ದು, ಪಾಲಿಶ್ ಕೆಟ್ಟದ್ದು, ಒಂದೆರಡು ಸ್ವರ ಸರಿಗೂಡದ್ದು, ಕೊಂಡವರು ‘ನಾದ ಸರಿಯಿಲ್ಲ’ ಅಂತ ವಾಪಸ್ ಕೊಟ್ಟದ್ದು. ಅಂಗಡಿಯವರಿಗೆ ಅದು ಮೂಲೆಯ ಮಾಲು. ನಮ್ಮಜ್ಜನ ಭಜನಾ ಮೇಳದವರು ಪಟ್ಟಿ ಹಾಕಿ ರೊಕ್ಕ ಕೂಡಿಸಿ ತಂದ ಪೇಟಿ ಇಂಥದ್ದೇ. ಅದರಲ್ಲಿ ಬಿಳಿ ನಾಲ್ಕರ ಮನೆ ಸತ್ತಿತ್ತು. ಮೇಳ ಹಾಡುತ್ತಿದ್ದದ್ದು ಕರಿ ಎರಡರ ಶ್ರುತಿಗೆ. ಆ ಶ್ರುತಿಯಲ್ಲಿ ಬಿಳಿ ನಾಲ್ಕು ಅಂದರೆ ಶುದ್ಧ ರಿಷಭ. ಭೈರವಿಗೆ ಕೋಮಲ ರಿಷಭ ಸಾಕು, ಅಡ್ಡಿಯಿಲ್ಲ. ಭೂಪ ಹಾಡಿದರೆ ನಡುದಾರಿಯಲ್ಲಿ ಹಳ್ಳ. ಆಗ ಅವರು ಭೂಪದ ಪದಗಳನ್ನಷ್ಟೇ ಬಿಳಿ ಒಂದಕ್ಕೆ ಇಳಿಸಿ ಹಾಡಿದರು. ಅಲ್ಲಿ ಸತ್ತ ಮನೆ ಹಾದಿಗೇ ಬರುವುದಿಲ್ಲ, ಯಾಕಂದರೆ ಭೂಪಕ್ಕೆ ಮಧ್ಯಮವಿಲ್ಲ. ಶಾಸ್ತ್ರ ಓದದವರು ಶಾಸ್ತ್ರದ ಗಣಿತವನ್ನು ವಾದ್ಯದ ಊನದಿಂದಲೇ ಕಲಿತರು. ಮುಂದೆ ರೀಡು ಕಿತ್ತು ದೂಳು ತೆಗೆಯುವುದು, ಶ್ರುತಿ ಏರಿಸಲು ಅದರ ತುದಿ ಕೆರೆಯುವುದು, ಇಳಿಸಲು ಬುಡ ಕೆರೆಯುವುದು, ತಿದಿ ತುಂಬಿಸಿ ಗಾಳಿ ಎಷ್ಟು ಹೊತ್ತಿಗೆ ಸೋರುತ್ತದೆಂದು ನೋಡುವುದು, ಇವೂ ಬಂದವು.

ಪೇಟಿ ಬಿಚ್ಚಿದಾಗ ಒಳಗೆ ಕಂಡದ್ದು ತೊಗಲು. ಪ್ರತಿ ಮನೆಯ ಬಾಯಿಗೂ ಗಾಳಿ ಸೋರದಂತೆ ತೆಳ್ಳನ ತೊಗಲು ಅಂಟಿಸಿರುತ್ತಾರೆ. ತಿದಿಯ ಮೂಲೆಗೂ ತೊಗಲೇ. ತಬಲಾದ ಮುಖ ಆಡಿನ ಚರ್ಮ, ಮೃದಂಗಕ್ಕೆ ಹಸು-ಎಮ್ಮೆಯ ಚರ್ಮವೂ ಬೇಕು. ದಕ್ಷಿಣದ ಮೃದಂಗ ಮಾಡುವ ದಲಿತ ಕ್ರೈಸ್ತ ಕುಟುಂಬಗಳ ಮೇಲೆ ಟಿ.ಎಂ. ಕೃಷ್ಣ 2020ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸ್ವರಕ್ಕೆ ಮಡಿ, ತೊಗಲಿಗೆ ಮೈಲಿಗೆ; ಆದರೆ ತೊಗಲಿಲ್ಲದೆ ಸ್ವರ ಹೊರಡುವುದಿಲ್ಲ. ಪೇಟಿಯ ಹರಿದ ತಿದಿಗೆ ತೇಪೆ ಹಾಕಿದ ಕೈ ಚಪ್ಪಲಿ ಹೊಲಿಯುವ ಕೈಯೇ.

ಈ ಮಾತು ಸಾಹಿತ್ಯಕ್ಕೂ ಸಲ್ಲುತ್ತದೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ನಾಡೆಲ್ಲ ಗದ್ದಲವಾಗಿ ಅವರು ಅಧಿಕಾರ ಬಿಡಬೇಕಾಯಿತು. ಯಾವುದು ಕಾಳು, ಯಾವುದು ಬೂಸಾ ಎಂದು ಹೇಳುವ ಹಕ್ಕು ಯಾರದೆಂಬುದೇ ಅಲ್ಲಿಯ ಜಗಳ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಕೆಲವರಿಗೆ ಅದು ಕಾವ್ಯವಲ್ಲ, ಬರೀ ಘೋಷಣೆ ಅನ್ನಿಸಿತು. ಶುದ್ಧ ಶ್ರುತಿಯ ಕಿವಿಗೆ ಸೆಕೆಂಡ್ಸ್ ಪೇಟಿ ಹೀಗೇ ಕೇಳಿಸುತ್ತದೆ. ಊನ ಎಲ್ಲಿದೆ? ಪೇಟಿಯಲ್ಲೋ, ಅದನ್ನು ಅಷ್ಟಕ್ಕೇ ಕೇರಿಗೆ ಬಿಟ್ಟ ವ್ಯವಸ್ಥೆಯಲ್ಲೋ?

ಆದರೆ ಇದನ್ನು ಹಾಡಿ ಹೊಗಳುವ ಅಪಾಯವೂ ಇದೆ. ‘ಇದ್ದುದರಲ್ಲೇ ಅರಳಿದರು’ ಎಂಬ ಮೆಚ್ಚುಗೆ, ಮುಂದಿನ ಮಕ್ಕಳಿಗೂ ಮುರಿದದ್ದನ್ನೇ ಕೊಡಲು ನೆಪವಾಗಬಾರದು. ಏಕತಾರಿಗೆ ಹಾಡುತ್ತಿದ್ದ ಕೊರಳು ಬೇಕಾದಲ್ಲಿ ಶ್ರುತಿ ಹಿಡಿಯುತ್ತಿತ್ತು. ಪೇಟಿ ಅದನ್ನು ಮನೆಗಳಿಗೆ ಕಟ್ಟಿತು, ಅದೂ ಒಂದು ನಷ್ಟವೇ. ಹಲಗಿಯ ಬಗ್ಗೆಯೂ ನಮ್ಮೊಳಗೆ ಜಗಳ ಮುಗಿದಿಲ್ಲ. ಹೆಣದ ಮುಂದೆ ಬಡಿಯುವುದಿಲ್ಲವೆಂದು ಅದನ್ನು ಬಿಟ್ಟವರೂ ದಲಿತರೇ. 1970ರ ದಶಕದಿಂದ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆ ಬಡಿದು ಎದ್ದು ನಿಂತವರೂ ದಲಿತರೇ. ಇಬ್ಬರದೂ ಒಂದೇ ಹಟ: ಯಾವಾಗ ಬಡಿಯಬೇಕೆಂದು ನಾವೇ ಹೇಳುತ್ತೇವೆ.

ಈಗ ಕಾಲೇಜಿನ ಹುಡುಗರು ಗಿರಾಕಿ ತಿರುಗಿ ಕಳಿಸಿದ ಕೀಬೋರ್ಡನ್ನು ಕಡಿಮೆ ಬೆಲೆಗೆ ಮೊಬೈಲಿನಲ್ಲೇ ಹುಡುಕಿ ತರಿಸುತ್ತಾರೆ. ದಾರಿ ಹೊಸದು, ಸರತಿ ಹಳೆಯದು: ಮೊದಲು ಬೇರೆಯವರ ಕೈ, ಆಮೇಲೆ ನಮ್ಮ ಕೈ. ಹೀಗಾಗಿ ಸಂಗೀತದ ಚರಿತ್ರೆ ಬರೆಯುವವರಿಗೆ ನನ್ನ ವಿನಂತಿ ಇಷ್ಟೇ. ರಾಗದ ಹೆಸರಿನ ಪಕ್ಕಕ್ಕೆ ವಾದ್ಯದ ರಸೀತಿಯನ್ನೂ ಇಡಿ. ತೊಗಲು ಹದಮಾಡಿದವರು ಯಾರು, ಮೊದಲು ಕೊಂಡವರು ಯಾರು, ಯಾಕೆ ವಾಪಸ್ ಕೊಟ್ಟರು, ಉಳಿದದ್ದನ್ನು ಯಾರು ಎಷ್ಟಕ್ಕೆ ತಂದರು ಎಂದು ಕೇಳಿ. ರಸೀತಿ ಸಿಗದಿದ್ದಲ್ಲಿ ಕೇರಿಯ ಹಿರಿಯರನ್ನು ಕೇಳಿ. ಎಷ್ಟು ಕೊಟ್ಟೆವು ಎಂಬುದು ಕೊಟ್ಟವರಿಗೆ ಮರೆತಿರುವುದಿಲ್ಲ.